19 ವರ್ಷ ದುಡಿದ ಮೇಲೆ ರಾಜೀನಾಮೆಗೆ ಸಹಿ ಹಾಕು ಅಂತಿದ್ದಾರೆ, ಏನು ಮಾಡಲಿ?

ಪೀಣ್ಯದವನು:
ಪೀಣ್ಯದ ಒಂದು ಆಟೋ ಪಾರ್ಟ್ಸ್ ಫ್ಯಾಕ್ಟರಿಯಲ್ಲಿ ಕ್ವಾಲಿಟಿ ಇನ್‌ಸ್ಪೆಕ್ಟರ್ ಆಗಿದ್ದೇನೆ. ವಯಸ್ಸು 47, ಸರ್ವಿಸ್ 19 ವರ್ಷ 8 ತಿಂಗಳು. ಹೊಸ ಮ್ಯಾನೇಜ್‌ಮೆಂಟ್ ಬಂದ ಮೇಲೆ ಮೊದಲು ಓವರ್‌ಟೈಮ್ ನಿಂತಿತು, ಆಮೇಲೆ ನನ್ನನ್ನು ಸ್ಟೋರ್ಸ್‌ಗೆ ತಳ್ಳಿದರು, ಮೈಕ್ರೋಮೀಟರ್ ಹಿಡಿಯೋದನ್ನ ನಾನೇ ಕಲಿಸಿದ ಹುಡುಗ ಈಗ ನನ್ನ ರಜೆಗೆ ಸಹಿ ಹಾಕುತ್ತಾನೆ. ಸೋಮವಾರ ಎಚ್‌ಆರ್ ಕರೆದು, ಟೈಪ್ ಮಾಡಿಟ್ಟಿದ್ದ ಪತ್ರ ಕೊಟ್ಟರು. 'ಸ್ವಂತ ಕಾರಣಕ್ಕೆ ರಾಜೀನಾಮೆ' ಅಂತಿದೆ. ಸಹಿ ಹಾಕಿದರೆ ಎರಡು ತಿಂಗಳ ಸಂಬಳ ಕೊಡ್ತಾರಂತೆ, ಇಲ್ಲಾಂದ್ರೆ ಅವರೇ ತೆಗೆದುಹಾಕ್ತಾರಂತೆ. ಶುಕ್ರವಾರದವರೆಗೆ ಟೈಮ್ ಕೇಳಿದ್ದೇನೆ.

ಕ್ಯಾಂಟೀನ್‌ನಲ್ಲಿ ಜೊತೆಗೆ ಕೂರುತ್ತಿದ್ದವರೂ ಈಗ ಬೇರೆ ಟೇಬಲ್ ಹುಡುಕುತ್ತಾರೆ. ಊರಲ್ಲಿ ಅಮ್ಮನಿಗೆ ಹೇಳಿಲ್ಲ. ರಾತ್ರಿ ನಿದ್ದೆ ಇಲ್ಲ. ಇದನ್ನು ದಾಟಿದವರು ಯಾರಾದರೂ ಇದ್ದರೆ ಹೇಳಿ.

ಲೆಕ್ಕದ ಮನುಷ್ಯ:
ಸರ್, ಶುಕ್ರವಾರ ಸಹಿ ಹಾಕಬೇಡಿ. ಮೊದಲು ಲೆಕ್ಕ ನೋಡಿ. ಗ್ರಾಚ್ಯುಟಿ, ಅಂದರೆ ಕೆಲಸ ಬಿಡುವಾಗ ಸರ್ವಿಸ್‌ಗೆ ತಕ್ಕಂತೆ ಸಿಗುವ ಹಣ, ಅವರು ಕೊಡುವ ಭಿಕ್ಷೆ ಅಲ್ಲ, ಐದು ವರ್ಷ ಆಗಿದ್ದರೆ ರಾಜೀನಾಮೆ ಕೊಟ್ಟರೂ ಬರುತ್ತೆ. ತಿಂಗಳ ಬೇಸಿಕ್ ಮತ್ತು ಡಿಎ (ತುಟ್ಟಿಭತ್ಯೆ) ಕೂಡಿಸಿ, 26ರಿಂದ ಭಾಗಿಸಿ, 15ರಿಂದ ಗುಣಿಸಿ, ಆಮೇಲೆ ವರ್ಷಗಳಿಂದ ಗುಣಿಸಿ. ಆರು ತಿಂಗಳು ಮೇಲೆ ಆಗಿರೋದರಿಂದ ನಿಮಗೆ 20 ವರ್ಷ ಅಂತಲೇ ಹಿಡಿಯುತ್ತಾರೆ. ಬೇಸಿಕ್, ಡಿಎ ಸೇರಿ 26,000 ಇದ್ದರೆ 3 ಲಕ್ಷ. 30 ದಿನದೊಳಗೆ ಕೊಡಬೇಕು.

ಅದು ಬೇರೆ, ಇದು ಬೇರೆ: ಕೆಲಸಗಾರ ಬೇಡ ಅಂತ ಕಂಪನಿಯೇ ತೆಗೆದರೆ ಕನಿಷ್ಠ ಒಂದು ತಿಂಗಳ ನೋಟಿಸ್ ಜೊತೆಗೆ ವರ್ಷಕ್ಕೆ 15 ದಿನದ ಸಂಬಳ ಪರಿಹಾರ ಕೊಡಬೇಕು. ನಿಮಗೆ ಹತ್ತಿರ ಹತ್ತಿರ ಹತ್ತು ತಿಂಗಳ ಸಂಬಳ ಆಗುತ್ತೆ. 'ಸ್ವಂತ ಕಾರಣ' ಅಂತ ಬರೆಸಿಕೊಳ್ಳೋದು ಯಾಕೆ ಅಂತ ಈಗ ಗೊತ್ತಾಯ್ತಲ್ವಾ? ಇದು ಕಾರ್ಮಿಕರಿಗೆ ಮಾತ್ರ, ಮ್ಯಾನೇಜರ್‌ಗಳಿಗಲ್ಲ. ಆದರೆ ಹುದ್ದೆಯ ಹೆಸರಿಗಿಂತ ನಿಜವಾಗಿ ಮಾಡುವ ಕೆಲಸ ಏನು ಅನ್ನೋದೇ ಮುಖ್ಯ. ನಿಮ್ಮ ಕೈಕೆಳಗೆ ಯಾರೂ ಇಲ್ಲ ಅಂದರೆ ವಾದಕ್ಕೆ ಬಲ ಇದೆ. ಬನ್ನೇರುಘಟ್ಟ ರಸ್ತೆಯ ಕಾರ್ಮಿಕ ಭವನಕ್ಕೆ (ಕಾರ್ಮಿಕ ಇಲಾಖೆ ಕಚೇರಿ) ಒಮ್ಮೆ ಹೋಗಿ ಬನ್ನಿ. ಕಾರ್ಖಾನೆ ಕೆಲಸಗಾರರಿಗೆ ಕಾನೂನು ಸೇವಾ ಪ್ರಾಧಿಕಾರದಿಂದ ಉಚಿತ ವಕೀಲರೂ ಸಿಗುತ್ತಾರೆ.

ತುಮಕೂರು ರೋಡ್:
ಲೆಕ್ಕ ಸರಿ. ಆದರೆ ಕೋರ್ಟ್‌ಗೆ ಹೋಗಿ ಅಂತ ಸಲಹೆ ಕೊಡೋದು ಸುಲಭ, ಅಲ್ಲಿ ವರ್ಷಗಟ್ಟಲೆ ಅಲೆಯೋರು ಇವರು. ನನ್ನ ಕೇಳಿದರೆ ಈ ಲೆಕ್ಕ ಹಿಡಿದುಕೊಂಡು ಹೋಗಿ ಚೌಕಾಸಿ ಮಾಡಿ. ಎರಡು ತಿಂಗಳು ಅಂದವರು ಆರಕ್ಕೆ ಬಂದರೂ ಬರಬಹುದು. ರಿಲೀವಿಂಗ್ ಲೆಟರ್ ಅದೇ ದಿನ ಕೈಗೆ ಸಿಗಬೇಕು ಅಂತ ಬರೆಸಿಕೊಳ್ಳಿ. ಅಮ್ಮ ಕಂಪನಿ ಇನ್ಶೂರೆನ್ಸ್‌ನಲ್ಲಿ ಇದ್ದರೆ, ಕೆಲಸ ಬಿಡೋ ಮುಂಚೆಯೇ ಅದನ್ನು ಸ್ವಂತ ಪಾಲಿಸಿಗೆ ಬದಲಾಯಿಸೋಕೆ ಆಗುತ್ತಾ ಕೇಳಿ. ಪಿಎಫ್ ಮಾತ್ರ ಆತುರಪಟ್ಟು ಮುರಿಯಬೇಡಿ.

ಗೃಹಿಣಿ:
ಅಣ್ಣ, ನಮ್ಮ ಮನೆಯವರಿಗೂ ಹೀಗೇ ಆಗಿತ್ತು. ದುಡ್ಡು ಹೇಗೋ ಹೊಂದಿಸಿದೆವು. ಆದರೆ ಅವರು ಮದುವೆ, ಗೃಹಪ್ರವೇಶ ಎಲ್ಲದಕ್ಕೂ ಹೋಗೋದು ಬಿಟ್ಟರು, 'ಈಗ ಎಲ್ಲಿ ಕೆಲಸ?' ಅಂತ ಯಾರಾದರೂ ಕೇಳ್ತಾರೆ ಅಂತ. ಕೊನೆಗೆ ನಾನೇ ಅತ್ತೆಗೆ ಹೇಳಿದೆ. ಅವರು ಒಂದು ಗಂಟೆ ಬೈದರು, ಕಂಪನಿಯನ್ನ! ಅವತ್ತಿನಿಂದ ಇವರು ಸ್ವಲ್ಪ ಮನುಷ್ಯರಾದರು. ಅಮ್ಮನಿಗೆ ಹೇಳಿಬಿಡಿ. ಅವರಿಗೆ ನೆಂಟರಿಂದ ಗೊತ್ತಾದರೆ ಇನ್ನೂ ಕಷ್ಟ. ನಿದ್ದೆ ಹೀಗೇ ಕೆಟ್ಟರೆ ಸರ್ಕಾರದ ಮಾನಸಿಕ ಆರೋಗ್ಯ ಸಹಾಯವಾಣಿ ಟೆಲಿ ಮಾನಸ್ 14416ಕ್ಕೆ ಫೋನ್ ಮಾಡಿ, ಕನ್ನಡದಲ್ಲೇ ಮಾತಾಡ್ತಾರೆ, ದುಡ್ಡಿಲ್ಲ.

ಇನ್ನೊಂದು, ನಿಮ್ಮ ಕಂಪನಿಗೆ ಮಾಲು ಕೊಡುವ ಸಣ್ಣ ಶಾಪ್‌ನವರಿಗೆಲ್ಲ ನಿಮ್ಮ ಪರಿಚಯ ಇರುತ್ತೆ. ಅವರಿಗೆ ತಿಂಗಳಿಡೀ ಇನ್‌ಸ್ಪೆಕ್ಟರ್ ಇಟ್ಟುಕೊಳ್ಳೋಕೆ ಕಷ್ಟ, ವಾರಕ್ಕೆ ಎರಡು ದಿನ ಬರೋರು ಬೇಕಿರುತ್ತೆ. ನಮ್ಮವರು ಹಾಗೇ ಶುರು ಮಾಡಿದ್ದು.

ಪೀಣ್ಯದವನು:
ಎಲ್ಲರಿಗೂ ಥ್ಯಾಂಕ್ಸ್. ಇಬ್ಬರು ವೆಂಡರ್‌ಗಳ ನಂಬರ್ ಇದೆ, ನಾಳೆ ಮಾತಾಡ್ತೀನಿ. ಗುರುವಾರ ರಜೆ ಹಾಕಿ ಕಾರ್ಮಿಕ ಭವನಕ್ಕೆ ಹೋಗ್ತಿದ್ದೇನೆ. ಅಪಾಯಿಂಟ್‌ಮೆಂಟ್ ಆರ್ಡರ್ ಸಿಗುತ್ತಿಲ್ಲ, ಹಳೇ ಪೇ ಸ್ಲಿಪ್ ಮತ್ತು ಪಿಎಫ್ ಪಾಸ್‌ಬುಕ್ ಸಾಕಾ?

ಲೆಕ್ಕದ ಮನುಷ್ಯ:
ಸಾಕು ಸರ್. ಪಾಸ್‌ಬುಕ್‌ನಲ್ಲಿ ತಿಂಗಳು ತಿಂಗಳು ಕಟ್ಟಿದ್ದು ಇರುತ್ತಲ್ಲ. ಎಚ್‌ಆರ್ ಕೊಟ್ಟ ಆ ಟೈಪ್ ಪತ್ರದ ಫೋಟೋ ತೆಗೆದಿಟ್ಟುಕೊಳ್ಳಿ.