ಗಾರ್ಡನ್ ಟ್ರ್ಯಾಕ್ಟರ್‌ಗೆ ಹೈಡ್ರಾಲಿಕ್ಸ್ ಕೂರಿಸಬೇಕು, ಇರುವ 16 ಎಚ್‌ಪಿ ಸಾಕಾ, ಇಂಜಿನ್ನೇ ಬದಲಿಸಲಾ?

ಹಳೇಬೋಲ್ಟು

ನಮಸ್ಕಾರ ಎಲ್ಲರಿಗೂ. ಸ್ವಲ್ಪ ಉದ್ದ ಇದೆ, ಬೇಜಾರು ಮಾಡಿಕೊಳ್ಳದೆ ಓದಿ.

ನನ್ನ ಹತ್ತಿರ ಒಂದು ಹಳೇ ಗಾರ್ಡನ್ ಟ್ರ್ಯಾಕ್ಟರ್ ಇದೆ. 16 ಎಚ್‌ಪಿ, ಒಂದೇ ಸಿಲಿಂಡರ್, ಅಡ್ಡ ಶಾಫ್ಟಿನ ಏರ್ ಕೂಲ್ಡ್ ಪೆಟ್ರೋಲ್ ಇಂಜಿನ್. ಇಂಜಿನ್ ಮುಂದೆ ಹುಲ್ಲು ಕತ್ತರಿಸುವ ಡೆಕ್ಕಿಗೆ ಎಲೆಕ್ಟ್ರಿಕ್ ಪಿಟಿಒ (ಇಂಜಿನ್ ಶಕ್ತಿಯನ್ನು ಹೊರಗಿನ ಉಪಕರಣಕ್ಕೆ ಕೊಡುವ) ಕ್ಲಚ್, ಹಿಂದೆ ಫ್ಲೈವೀಲ್ ಕಡೆಯಿಂದ ಹೈಡ್ರೋಸ್ಟಾಟಿಕ್ (ಆಯಿಲ್ ಒತ್ತಡದಿಂದ ಗಾಡಿ ಓಡಿಸುವ) ಗೇರ್‌ಬಾಕ್ಸಿಗೆ ಶಾಫ್ಟ್ ಹೋಗುತ್ತದೆ. ಗಾಡಿ ಗಟ್ಟಿಮುಟ್ಟಾಗಿದೆ, ಇಂಜಿನ್ ಮಾತ್ರ ಮುದಿಯಾಗಿದೆ. ನೀಲಿ ಹೊಗೆ ಬಿಡುತ್ತದೆ, ಆಯಿಲ್ ಕುಡಿಯುತ್ತದೆ, ಏರಿನಲ್ಲಿ ಉಸಿರು ಕಟ್ಟಿದ ಹಾಗೆ ಮಾಡುತ್ತದೆ.

ಆಸೆ ಎರಡು. ಒಂದು, ಮುಂದೆ ಸಣ್ಣ ಲೋಡರ್ ಬಕೆಟ್. ಅದಕ್ಕೆ 50 ಎಂಎಂ ಬೋರ್, 400 ಎಂಎಂ ಸ್ಟ್ರೋಕಿನ ಎರಡು ಜಾಕ್ ಇದೆ. ಎರಡು, ಹಿಂದೆ ಸೌದೆ ಸೀಳುವ ಮಷೀನ್, ಅದಕ್ಕೆ 100 ಎಂಎಂ ಬೋರ್, 500 ಎಂಎಂ ಸ್ಟ್ರೋಕಿನ ಜಾಕ್. ಇದರ ಜೊತೆ ಒಂದು 16 ಸಿಸಿ (ಅಂದ್ರೆ ಒಂದು ಸುತ್ತಿಗೆ 16 ಸಿಸಿ ಆಯಿಲ್ ತಳ್ಳುವ) ಗೇರ್ ಪಂಪ್ ಕೂಡ ಸಿಕ್ಕಿತು, ಹೊಸದೇ, ತಂದಿಟ್ಟಿದ್ದೇನೆ. ಅದನ್ನು ನೇರವಾಗಿ ಇಂಜಿನ್ ಶಾಫ್ಟಿಗೆ ಕಪ್ಲಿಂಗ್ ಹಾಕಿ 180 ಬಾರ್ ಒತ್ತಡದಲ್ಲಿ ಓಡಿಸೋಣ ಅಂತ ಲೆಕ್ಕ.

ಈ ಮುದಿ ಇಂಜಿನ್ನಿಗೆ ಇದೆಲ್ಲ ಆಗಲ್ಲ ಅನ್ನಿಸಿ ಎರಡು ಸಿಲಿಂಡರಿನ 22 ಎಚ್‌ಪಿ ವಿ-ಟ್ವಿನ್ ನೋಡುತ್ತಿದ್ದೇನೆ. ಒಂದು ಅಗ್ಗಕ್ಕೆ ಸಿಕ್ಕಿದೆ, ಆದರೆ ಅದರ ಶಾಫ್ಟ್ ಕೆಳಗೆ ನೆಟ್ಟಗೆ ಇಳಿದಿದೆ. ಅದನ್ನು ಮಲಗಿಸಿ ಕೂರಿಸಬಹುದಾ? 22 ಸಾಕಾಗುತ್ತಾ, ಇಲ್ಲ ಡೀಸೆಲ್‌ಗೆ ಹೋಗಲಾ?

ಲೆಕ್ಕದಮೇಷ್ಟ್ರು

ಮಲಗಿಸಬೇಡಿ ಸ್ವಾಮಿ. ಆ ಇಂಜಿನ್ನಿನ ಆಯಿಲ್ ಸಂಪ್, ಆಯಿಲ್ ಎತ್ತುವ ವ್ಯವಸ್ಥೆ, ಕಾರ್ಬ್ಯುರೇಟರ್ ಎಲ್ಲ ನಿಂತ ಶಾಫ್ಟಿಗೆ ಅಂತಲೇ ಮಾಡಿರೋದು. ಮಲಗಿಸಿದರೆ ಆಯಿಲ್ ಬೇರಿಂಗಿಗೆ ಹೋಗುವ ಬದಲು ಸಿಲಿಂಡರಿಗೆ ಹೋಗುತ್ತದೆ. ಆ ವಿಷಯ ಅಲ್ಲಿಗೆ ಬಿಡಿ.

ನೀವು ಪ್ರಶ್ನೆಯನ್ನು ತಲೆಕೆಳಗಾಗಿ ಕೇಳುತ್ತಿದ್ದೀರಿ. ಇಂಜಿನ್ ಎಷ್ಟು ದೊಡ್ಡದು ಅಂತ ಆಮೇಲೆ. ಮೊದಲು ಜಾಕ್ ಎಷ್ಟು ವೇಗವಾಗಿ ಚಲಿಸಬೇಕು, ಎಷ್ಟು ಒತ್ತಡ ಬೇಕು, ಅದರಿಂದ ಪಂಪ್, ಪಂಪಿನಿಂದ ಇಂಜಿನ್.

ಸೂತ್ರ ಸುಲಭ. ನಿಮಿಷಕ್ಕೆ ಎಷ್ಟು ಲೀಟರ್ ಅನ್ನೋದನ್ನು ಬಾರ್‌ನಿಂದ ಗುಣಿಸಿ 600ರಿಂದ ಭಾಗಿಸಿದರೆ ಕಿಲೋವ್ಯಾಟ್. ಪಂಪ್ ಒಳಗೇ ಒಂದಿಷ್ಟು ಸೋರುತ್ತದೆ, ಉಜ್ಜುತ್ತದೆ, ಅದಕ್ಕೆ 0.85ರಿಂದ ಭಾಗಿಸಿ. ನಿಮ್ಮ 16 ಸಿಸಿ ಪಂಪ್ 3600 ಆರ್‌ಪಿಎಂನಲ್ಲಿ 57 ಲೀಟರ್ ಮೇಲೆ ಕೊಡುತ್ತದೆ. 180 ಬಾರ್‌ಗೆ ಲೆಕ್ಕ ಹಾಕಿ, 27 ಎಚ್‌ಪಿ ಆಗುತ್ತದೆ. ಅಂದ್ರೆ ನಿಮ್ಮ 22 ಎಚ್‌ಪಿ ಕೂಡ ಸಾಲಲ್ಲ!

ಎಚ್‌ಪಿಗಿಂತ ಮುಖ್ಯ ಟಾರ್ಕ್, ಅಂದ್ರೆ ಶಾಫ್ಟ್ ತಿರುಗಿಸುವ ಬಲ. ಪಂಪ್ ತಿರುಗಿಸಲು ಬೇಕಾಗುವ ಟಾರ್ಕ್ ಆರ್‌ಪಿಎಂ ಮೇಲೆ ನಿಂತಿಲ್ಲ, ಪಂಪಿನ ಸಿಸಿ ಮತ್ತು ಒತ್ತಡದ ಮೇಲೆ ನಿಂತಿದೆ. ಸಿಸಿ ಗುಣಿಸು ಬಾರ್, ಭಾಗಿಸು 62.8. ನಿಮ್ಮದಕ್ಕೆ 46 ನ್ಯೂಟನ್ ಮೀಟರ್, ನಷ್ಟ ಸೇರಿಸಿದರೆ 50 ದಾಟುತ್ತದೆ. ಹೋಲಿಸಿ ನೋಡೋಕೆ ಹೇಳ್ತೀನಿ, ಹೋಂಡಾ ಜಿಎಕ್ಸ್390 ಅನ್ನೋ 389 ಸಿಸಿ ಇಂಜಿನ್ನಿನ ಗರಿಷ್ಠ ಟಾರ್ಕ್ 26.5, ಅದೂ 2500 ಆರ್‌ಪಿಎಂ ಹತ್ತಿರ. ಹಾಗಾಗಿ ನೀವು ನೇರ ಕಪ್ಲಿಂಗ್ ಹಾಕಿ ಸೌದೆ ಸೀಳಲು ಹೋದರೆ ಒತ್ತಡ ಮಿತಿ ಮೀರಿದಾಗ ಆಯಿಲ್ ವಾಪಸ್ ಬಿಡುವ ರಿಲೀಫ್ ವಾಲ್ವ್ ತೆರೆಯುವ ಮುಂಚೆಯೇ ಇಂಜಿನ್ ಗುಡುಗಿ ನಿಂತುಬಿಡುತ್ತದೆ.

ಈಗ ಲೋಡರ್ ನೋಡಿ. 50 ಎಂಎಂ ಜಾಕ್ ಒಂದಕ್ಕೆ 150 ಬಾರ್‌ನಲ್ಲೇ 3 ಟನ್ ತಳ್ಳುವ ಶಕ್ತಿ ಇದೆ, ಎರಡಕ್ಕೆ 6. ನಿಮ್ಮ ಮುಂದಿನ ಆಕ್ಸಲ್ ಅದಕ್ಕಿಂತ ಎಷ್ಟೋ ಮುಂಚೆ ಕಾಲು ಮಡಚುತ್ತದೆ. ಎರಡೂ ಜಾಕ್ ತುಂಬಲು ಬೇಕಾದ ಆಯಿಲ್ ಬರೀ 1.6 ಲೀಟರ್. 5 ಸಿಸಿ ಪಂಪ್ 3000 ಆರ್‌ಪಿಎಂನಲ್ಲಿ 15 ಲೀಟರ್ ಕೊಡುತ್ತದೆ, ಬಕೆಟ್ 6-7 ಸೆಕೆಂಡಿನಲ್ಲಿ ಮೇಲೆ. ಅದಕ್ಕೆ ಬೇಕಾಗೋದು 6 ಎಚ್‌ಪಿ. ನಿಮ್ಮ ಮುದಿ ಇಂಜಿನ್ನೇ ಸಾಕು, ಬೋರ್ ಮಾಡಿಸಿ ಹೊಸ ಪಿಸ್ಟನ್, ರಿಂಗ್ ಹಾಕಿಸಿ.

ಗ್ರೀಸ್‌ಕೈ

ಮೇಷ್ಟ್ರು ಹೇಳಿದ್ದು ಸರಿ. ಆದ್ರೂ ಬದಲಿಸಲೇಬೇಕು ಅಂತ ಮನಸ್ಸು ಮಾಡಿದರೆ ನಾನು ಎಡವಿದ ಜಾಗ ಹೇಳಿಬಿಡ್ತೀನಿ, ಎರಡು ವರ್ಷದ ಹಿಂದೆ ಇದೇ ಕೆಲಸ ಮಾಡಿದ್ದೆ.

ಇಂಜಿನ್ ಕೂರಿಸೋದು ಕಷ್ಟ ಅಲ್ಲ. ಶಾಫ್ಟ್ ದಪ್ಪ, ಉದ್ದ, ಇಂಜಿನ್ ಕೂರುವ ತಳದಿಂದ ಶಾಫ್ಟ್ ಮಧ್ಯದ ಎತ್ತರ, ನಾಲ್ಕು ಬೋಲ್ಟಿನ ಅಂತರ, ಇಷ್ಟು ಅಳೆದುಕೊಂಡು ಹೋಗಿ. ನಿಮ್ಮದರಲ್ಲಿ ಫ್ಲೈವೀಲ್ ಕಡೆಯಿಂದ ಗೇರ್‌ಬಾಕ್ಸಿಗೆ ಶಾಫ್ಟ್ ಹೋಗುತ್ತೆ ಅಂದ್ರಿ, ಎಲ್ಲ ಹೊಸ ಇಂಜಿನ್ನಿನಲ್ಲೂ ಆ ಕಡೆ ಶಾಫ್ಟ್ ಕಟ್ಟೋ ವ್ಯವಸ್ಥೆ ಇರಲ್ಲ. ಲೇತಿನಲ್ಲಿ ಅಡಾಪ್ಟರ್ ಮಾಡಿಸಬೇಕು, ಅದು ಕೂದಲೆಳೆಯಷ್ಟು ಓರೆಯಾದರೂ ಇಡೀ ಗಾಡಿ ನಡುಗುತ್ತೆ. ಜೊತೆಗೆ ಏರ್ ಕೂಲ್ಡ್ ಇಂಜಿನ್ ಗಾಳಿ ಎಳೆದುಕೊಳ್ಳೋದು ಫ್ಲೈವೀಲ್ ಕಡೆಯ ಜಾಲರಿಯಿಂದ. ಅಲ್ಲಿ ಬ್ರಾಕೆಟ್, ಟ್ಯಾಂಕ್ ಅಂತ ಅಡ್ಡ ಇಟ್ಟರೆ ಬೇಸಿಗೆಯಲ್ಲಿ ಹೆಡ್ ಸುಡುತ್ತೆ.

ನಾನು ಎಡವಿದ್ದು ವೈರಿಂಗಿನಲ್ಲಿ. ತುಂಬಾ ಹಳೇ ಇಂಜಿನ್‌ಗಳಲ್ಲಿ ಸ್ಪಾರ್ಕಿಗೆ ಪಾಯಿಂಟ್, ಬ್ಯಾಟರಿ ಕಾಯಿಲ್ ಇರುತ್ತೆ. ಕೀ ತಿರುಗಿಸಿದರೆ ಕಾಯಿಲಿಗೆ 12 ವೋಲ್ಟ್ ಹೋಗುತ್ತೆ, ಆಗ ಇಂಜಿನ್ ಓಡುತ್ತೆ. ಹೊಸ ಇಂಜಿನ್ನಿನ ಮ್ಯಾಗ್ನೆಟೋ (ಬ್ಯಾಟರಿ ಇಲ್ಲದೆ ತಾನೇ ಸ್ಪಾರ್ಕ್ ಹುಟ್ಟಿಸೋದು) ಇದಕ್ಕೆ ಪೂರ್ತಿ ಉಲ್ಟಾ. ಅದರ ಕಿಲ್ ವೈರನ್ನು ಅರ್ಥ್ ಮಾಡಿದರೆ ನಿಲ್ಲುತ್ತೆ, ಬಿಟ್ಟರೆ ಓಡುತ್ತೆ. ನಾನು ಹಳೇ ವೈರನ್ನೇ ತಂದು ಅದಕ್ಕೆ ಸಿಕ್ಕಿಸಿದೆ, ಕೀ ಹಾಕಿದೆ, ಹೊಸಾ ಕಾಯಿಲ್ ಢಮಾರ್. ಒಂದು ಸಲ ಸ್ಪಾರ್ಕ್ ನೋಡುವ ಭಾಗ್ಯ ಕೂಡ ಇರಲಿಲ್ಲ. ಕೀ ಸ್ವಿಚ್ ಬದಲಿಸಿ, ಇಲ್ಲವೇ ಮಧ್ಯೆ ರಿಲೇ ಹಾಕಿ. ಕಾರ್ಬ್ಯುರೇಟರ್ ಕೆಳಗೆ ಪೆಟ್ರೋಲ್ ನಿಲ್ಲಿಸುವ ಸೊಲೆನಾಯ್ಡ್ ಇದ್ದರೆ ಆ ಹಳೇ 12 ವೋಲ್ಟ್ ವೈರ್ ಅದಕ್ಕೆ ಉಪಯೋಗಕ್ಕೆ ಬರುತ್ತೆ. ಸೀಟ್ ಕೆಳಗಿನ ಸೇಫ್ಟಿ ಸ್ವಿಚ್ ಕಿತ್ತು ಬಿಸಾಡಬೇಡಿ, ಅದನ್ನೂ ಹೊಸ ಲೆಕ್ಕಕ್ಕೆ ಹೊಂದಿಸಿ.

ಡೀಸೆಲ್ ಬಗ್ಗೆ: ಟಾರ್ಕ್ ಚೆನ್ನಾಗಿದೆ, ಪಂಪಿಗೆ ಹೇಳಿ ಮಾಡಿಸಿದ್ದು. ಆದ್ರೆ ಸಿಂಗಲ್ ಸಿಲಿಂಡರ್ ಡೀಸೆಲ್ ಈ ಸಣ್ಣ ಫ್ರೇಮಿನಲ್ಲಿ ಕೂತರೆ ನಿಮ್ಮ ಹಲ್ಲೆಲ್ಲ ಅಲುಗಾಡುತ್ತೆ, ಮೂರು ಸಿಲಿಂಡರ್ ಆದ್ರೆ ರೇಡಿಯೇಟರಿಗೆ ಜಾಗ ಎಲ್ಲಿದೆ?

ಹಳೇಬೋಲ್ಟು

ಅಯ್ಯೋ, ಮಲಗಿಸುವ ಪ್ಲಾನ್ ಕೈಬಿಟ್ಟೆ. 27 ಎಚ್‌ಪಿ ಲೆಕ್ಕ ನೋಡಿ ತಲೆ ತಿರುಗಿತು. 5 ಸಿಸಿ ಪಂಪಿನಲ್ಲಿ ಲೋಡರ್ ಆಗುತ್ತೆ ಸರಿ, ಸೌದೆ ಜಾಕ್? ನಾನೇ ಕೂತು ಲೆಕ್ಕ ಹಾಕಿದೆ, ಸುಮಾರು 4 ಲೀಟರ್ ಬೇಕು, ಹೋಗೋಕೆ 16 ಸೆಕೆಂಡ್, ಬರೋಕೆ 12. ಒಂದು ಕೊರಡು ಸೀಳೋದರೊಳಗೆ ಒಂದು ನಿದ್ದೆ ಆಗುತ್ತೆ. ಇನ್ನೊಂದು ಪ್ರಶ್ನೆ, ಹೈಡ್ರೋಸ್ಟಾಟಿಕ್ ಗೇರ್‌ಬಾಕ್ಸಿನ ಒಳಗೇ ಚಾರ್ಜ್ ಪಂಪ್ ಇದೆಯಲ್ವಾ, ಅದರಿಂದಲೇ ಆಯಿಲ್ ತೆಗೆದುಕೊಂಡರೆ?

ಒಂಟಿಸ್ಪ್ಯಾನರ್

ಚಾರ್ಜ್ ಪಂಪಿಗೆ ಕೈ ಹಾಕಬೇಡಿ. ಅದು ಗೇರ್‌ಬಾಕ್ಸಿನ ಸೋರಿಕೆ ತುಂಬಿಸೋಕೆ ಇರೋದು, ಹೆಚ್ಚೆಂದರೆ ಡೆಕ್ ಎತ್ತುವ ಸಣ್ಣ ಜಾಕಿಗೆ ಸಾಕು. ಅಲ್ಲಿಂದ ಕದ್ದರೆ ಗೇರ್‌ಬಾಕ್ಸ್ ಹಸಿದು ಸಾಯುತ್ತೆ.

ನನ್ನ ಅಭಿಪ್ರಾಯ ಬೇರೆ. ಸೌದೆ ಮಷೀನನ್ನು ಟ್ರ್ಯಾಕ್ಟರಿಗೆ ಕಟ್ಟೋದೇ ತಪ್ಪು. ಅದಕ್ಕೆ ಬೇರೆ ಸಣ್ಣ ಇಂಜಿನ್, ಎರಡು ಹಂತದ ಪಂಪ್ ಹಾಕಿ. ಆ ಪಂಪಿನೊಳಗೆ ಎರಡು ಜೊತೆ ಗೇರ್ ಇರುತ್ತವೆ. ಜಾಕ್ ಖಾಲಿ ಓಡುವಾಗ ಎರಡೂ ಸೇರಿ ಜಾಸ್ತಿ ಆಯಿಲ್ ತಳ್ಳುತ್ತವೆ. ಬ್ಲೇಡ್ ಮರಕ್ಕೆ ಕಚ್ಚಿ ಒತ್ತಡ ಏರಿದ ಕೂಡಲೇ ದೊಡ್ಡ ಜೊತೆ ತಾನಾಗಿ ಬಿಡುಗಡೆ ಆಗಿ ಸಣ್ಣದು ಮಾತ್ರ ಪೂರ್ತಿ ಒತ್ತಡ ಕೊಡುತ್ತದೆ. ಅದಕ್ಕೇ 5-6 ಎಚ್‌ಪಿ ಇಂಜಿನ್ನಲ್ಲೂ ಸೌದೆ ಸೀಳುವ ಮಷೀನ್ ಬರೋದು. ಆದರೆ ಅದೇ ಪಂಪನ್ನು ಲೋಡರಿಗೆ ಹಾಕಬೇಡಿ, ಬಕೆಟ್ ಅರ್ಧ ಎತ್ತಿದಾಗ ವೇಗ ದಿಢೀರ್ ಬದಲಾಗುತ್ತೆ, ಕೈಗೆ ಹಿಡಿತ ಸಿಗಲ್ಲ.

ಲೆಕ್ಕದಮೇಷ್ಟ್ರು

ಇನ್ನೊಂದು ಇಂಜಿನ್ ಅಂದ್ರೆ ಇನ್ನೊಂದು ಕಾರ್ಬ್ಯುರೇಟರ್, ಇನ್ನೊಂದು ತಲೆನೋವು. ವರ್ಷಕ್ಕೆ ನಾಲ್ಕು ದಿನ ಸೌದೆ ಸೀಳುವವರಿಗೆ ಅದು ಯಾಕೆ? 100 ಎಂಎಂ ಜಾಕ್ ಬಿಟ್ಟು 80 ಎಂಎಂ ಹಾಕಿ ಅಂತೀನಿ ನಾನು. 150 ಬಾರ್‌ಗೆ ಏಳೂವರೆ ಟನ್ ಬರುತ್ತದೆ, 15 ಲೀಟರಿನಲ್ಲೇ 10 ಸೆಕೆಂಡಿಗೆ ಹೋಗುತ್ತದೆ. ಗಂಟು ಇಲ್ಲದ ಕೊರಡಿಗೆ ಧಾರಾಳ ಸಾಕು. ಗಂಟು ಇದ್ದರೆ ಅದನ್ನು ಬದಿಗಿಡಿ, ಅಷ್ಟೇ.

ಸೋರುವಸೀಲು

ನೀವೆಲ್ಲ ಪಂಪ್ ಎಷ್ಟು ಅಂತ ಜಗಳ ಆಡ್ತಿದ್ದೀರಿ, ಅದು ಯಾವ ಕಡೆ ತಿರುಗಬೇಕು ಅಂತ ಯಾರೂ ಹೇಳಲಿಲ್ಲ. ಹೆಚ್ಚಿನ ಸಣ್ಣ ಇಂಜಿನ್‌ಗಳು ಪಿಟಿಒ ಶಾಫ್ಟಿಗೆ ಎದುರು ನಿಂತು ನೋಡಿದರೆ ಗಡಿಯಾರಕ್ಕೆ ಉಲ್ಟಾ ತಿರುಗುತ್ತವೆ. ಪಂಪನ್ನು ಮುಖಾಮುಖಿ ಕಪ್ಲಿಂಗ್ ಹಾಕಿದರೆ ಪಂಪಿನ ಶಾಫ್ಟ್ ಕಡೆಯಿಂದ ಅದು ಗಡಿಯಾರದ ದಿಕ್ಕು. ಆದರೆ ಪಂಪಿನ ಶಾಫ್ಟೂ ಇಂಜಿನ್ ಶಾಫ್ಟೂ ಒಂದೇ ಕಡೆ ಮುಖ ಮಾಡಿ ಬೆಲ್ಟ್ ಹಾಕಿದರೆ ಉಲ್ಟಾ ತಿರುಗುವ ಪಂಪ್ ಬೇಕು. ತಪ್ಪು ದಿಕ್ಕಿಗೆ ತಿರುಗಿಸಿದರೆ ಒತ್ತಡ ಶಾಫ್ಟ್ ಸೀಲಿನ ಕಡೆ ಬಂದು ಸೀಲು ಹಾರಿ ಹೊರಗೆ ಬೀಳುತ್ತದೆ. ನನ್ನ ಹೆಸರು ಸುಮ್ನೆ ಬಂದಿದ್ದಲ್ಲ.

ಹಾಗೇ, ಗೇರ್ ಪಂಪಿನ ಶಾಫ್ಟಿಗೆ ನೇರ ಪುಲ್ಲಿ ಹಾಕಬೇಡಿ. ಬೆಲ್ಟಿನ ಎಳೆತ ತಡೆಯೋಕೆ ಸಾಮಾನ್ಯ ಪಂಪಿನೊಳಗೆ ಬೇರಿಂಗ್ ಇರಲ್ಲ, ಬುಷ್ ಒಂದೇ ಕಡೆ ಸವೆಯುತ್ತದೆ. ಎರಡು ಬೇರಿಂಗ್ ಬ್ಲಾಕಿನ ಮಧ್ಯೆ ಒಂದು ಶಾಫ್ಟ್ ಹಾಕಿ, ಪುಲ್ಲಿ ಅದಕ್ಕಿರಲಿ, ಅಲ್ಲಿಂದ ರಬ್ಬರ್ ಕಪ್ಲಿಂಗಿನಲ್ಲಿ ಪಂಪಿಗೆ.

ಟ್ಯಾಂಕಿನಿಂದ ಪಂಪಿಗೆ ಆಯಿಲ್ ಎಳೆಯುವ ಸಕ್ಷನ್ ಪೈಪ್ ವಿಷಯದಲ್ಲಿ ಜಿಪುಣತನ ಬೇಡ. 24 ಲೀಟರ್ ಹರಿವಿಗೆ 25 ಎಂಎಂ ಒಳ ಅಳತೆಯ ಪೈಪ್ ಹಾಕಿದರೆ ಆಯಿಲ್ ಸೆಕೆಂಡಿಗೆ 0.8 ಮೀಟರ್ ಹರಿಯುತ್ತದೆ, ಪಂಪ್ ಆರಾಮ. ಅದೇ 12 ಎಂಎಂ ಒತ್ತಡದ ಕಡೆಗೆ ಸರಿ, ಸಕ್ಷನ್ನಿಗೆ ಹಾಕಿದರೆ ಪಂಪ್ ಜಲ್ಲಿ ಅಗಿಯುವ ಹಾಗೆ ಸದ್ದು ಮಾಡುತ್ತದೆ. ರಿಟರ್ನ್ ಪೈಪೂ ದೊಡ್ಡದಿರಲಿ, ಜಾಕ್ ವಾಪಸ್ ಬರುವಾಗ ಪಂಪ್ ಕೊಡುವುದಕ್ಕಿಂತ ಜಾಸ್ತಿ ಆಯಿಲ್ ಹೊರಗೆ ಬರುತ್ತದೆ. ಟ್ಯಾಂಕ್ 25 ಲೀಟರಿಗೆ ಕಡಿಮೆ ಬೇಡ. ಜಾಕ್ ತುದಿ ಮುಟ್ಟಿದ ಮೇಲೂ ಲಿವರ್ ಹಿಡಿದೇ ನಿಂತರೆ ಇಂಜಿನ್ನಿನ ಶಕ್ತಿಯೆಲ್ಲ ರಿಲೀಫ್ ವಾಲ್ವಿನಲ್ಲಿ ಬರೀ ಶಾಖ ಆಗುತ್ತದೆ.

ಸೋರಿಕೆ ಹುಡುಕುವಾಗ ಕೈ ಸವರಬೇಡಿ. ಸೂಜಿ ಮೊನೆಯಷ್ಟು ತೂತಿನಿಂದ ಬರುವ ಆಯಿಲ್ ಚರ್ಮ ಕೊರೆದು ಒಳಗೆ ಹೋಗುತ್ತದೆ. ಹೊರಗೆ ಬರೀ ಚುಕ್ಕೆ ಕಾಣುತ್ತದೆ, ಒಳಗೆ ಬೆರಳೇ ಹೋಗಬಹುದು, ಹಾಗಾದರೆ ತಕ್ಷಣ ಆಸ್ಪತ್ರೆ. ರಟ್ಟಿನ ತುಂಡು ಹಿಡಿದು ನೋಡಿ.

ಹಳೇಬೋಲ್ಟು

ಎಲ್ಲರಿಗೂ ಥ್ಯಾಂಕ್ಸ್. ಇಂಜಿನ್ ಬಿಚ್ಚಿದೆ. ಸಿಲಿಂಡರ್ ಸವೆದಿದೆ, ಕ್ರ್ಯಾಂಕ್ ಚೆನ್ನಾಗಿದೆ, ಬೋರ್ ಮಾಡಿಸೋಕೆ ಕೊಟ್ಟಿದ್ದೇನೆ. ಹಾಗಾದರೆ 5 ಸಿಸಿ ಪಂಪ್ ಹುಡುಕುತ್ತೇನೆ. ಯಾರಿಗಾದ್ರೂ ಹೊಸ 16 ಸಿಸಿ ಪಂಪ್ ಬೇಕಾ? ಅದರ ಮೇಲಿನ ಬಾಣ ನೋಡಿದೆ, ಶಾಫ್ಟ್ ಕಡೆಯಿಂದ ಗಡಿಯಾರಕ್ಕೆ ಉಲ್ಟಾ ಇದೆ, ನೇರ ಕಪ್ಲಿಂಗ್ ಹಾಕಿದ್ದಿದ್ದರೆ ಸೀಲು ಹಾರ್ತಿತ್ತು.

ಸೋರುವಸೀಲು

ಮಾರಬೇಡಿ ಮಾರಾಯ್ರೆ! ನಿಮ್ಮ ಗಾಡಿಯಲ್ಲಿ ಮುಂದೆ ಪಿಟಿಒ ಕ್ಲಚ್ ಇದೆ ಅಂದ್ರಲ್ಲ. ಡೆಕ್ ಬಿಚ್ಚಿಟ್ಟು ಅದೇ ಪುಲ್ಲಿಯಿಂದ ಬೆಲ್ಟ್ ತೆಗೆದುಕೊಳ್ಳಿ. ಉಲ್ಟಾ ತಿರುಗುವ ಪಂಪೇ ಅಲ್ಲಿಗೆ ಬೇಕಾಗಿರೋದು. ಪಂಪ್ ಕಡೆಯ ಪುಲ್ಲಿ ಎರಡರಷ್ಟು ದೊಡ್ಡದು ಹಾಕಿ, ಇಂಜಿನ್ 3000 ಇದ್ದಾಗ ಪಂಪ್ 1500, ಅಂದ್ರೆ 24 ಲೀಟರ್. 150 ಬಾರ್‌ಗೆ ರಿಲೀಫ್ ಇಳಿಸಿಕೊಳ್ಳಿ, ಒಂಬತ್ತೂವರೆ ಎಚ್‌ಪಿ. ಇಂಜಿನ್ ಮೇಲೆ ಬೀಳುವ ಟಾರ್ಕ್ 21 ಅಷ್ಟೇ. ನಿಮ್ಮ 100 ಎಂಎಂ ಸೌದೆ ಜಾಕೇ 10 ಸೆಕೆಂಡಿನಲ್ಲಿ ಹೋಗುತ್ತದೆ, 12 ಟನ್ ಬಲದಲ್ಲಿ. ಚಳಿಯಲ್ಲಿ ಸ್ಟಾರ್ಟ್ ಮಾಡುವಾಗ ಕ್ಲಚ್ ಬಿಟ್ಟಿರಿ, ದಪ್ಪ ಆಯಿಲ್ ತಳ್ಳುವ ಭಾರ ಸ್ಟಾರ್ಟರಿಗೆ ಬರಲ್ಲ.

ಲೆಕ್ಕದಮೇಷ್ಟ್ರು

ಇದು ನನಗೆ ಹೊಳೆಯಬೇಕಿತ್ತು. ಲೆಕ್ಕ ಸರಿ ಇದೆ. ಲೋಡರ್ ಮಾತ್ರ 4 ಸೆಕೆಂಡಿಗೆ ಮೇಲೆ ಹಾರುತ್ತದೆ, ಲಿವರ್ ನಿಧಾನಕ್ಕೆ ಎಳೆಯಿರಿ, ಹಿಂದೆ ತೂಕ ಕಟ್ಟಿ.

ಹಳೇಬೋಲ್ಟು

ಕ್ಲಚ್ ಪುಲ್ಲಿ 125 ಎಂಎಂ ಇದೆ. 250ರ ಪುಲ್ಲಿ ಬಾನೆಟ್ ಕೆಳಗೆ ಹಿಡಿಸುತ್ತಾ ಅಂತ ರಟ್ಟು ಕತ್ತರಿಸಿ ಇಟ್ಟು ನೋಡಿದೆ. ಬ್ಯಾಟರಿಯನ್ನು ನಾಲ್ಕು ಬೆರಳು ಹಿಂದೆ ಸರಿಸಿದರೆ ಹಿಡಿಸುತ್ತೆ.