ಕ್ಲಾಟ್: ಪ್ಯಾಸೇಜ್ ಓದುವಷ್ಟರಲ್ಲೇ ಟೈಮ್ ಮುಗಿಯುತ್ತದೆ, ಕನ್ನಡ ಮೀಡಿಯಂನವರು ಏನು ಮಾಡಿದಿರಿ?

ಬನಹಟ್ಟಿ_ಮಗ್ಗ

ಎಲ್ಲರಿಗೂ ನಮಸ್ಕಾರ. ನಾನು ರಬಕವಿ-ಬನಹಟ್ಟಿಯವಳು. ಹತ್ತನೇ ಕ್ಲಾಸಿನವರೆಗೆ ಪೂರ್ತಿ ಕನ್ನಡ ಮೀಡಿಯಂ. ಈಗ ಜಮಖಂಡಿಯಲ್ಲಿ ಸೆಕೆಂಡ್ ಪಿಯುಸಿ ಆರ್ಟ್ಸ್. ಡಿಸೆಂಬರ್‌ನಲ್ಲಿ ಕ್ಲಾಟ್ ಬರೆಯುವ ಆಸೆ. ರಾಷ್ಟ್ರೀಯ ಕಾನೂನು ವಿಶ್ವವಿದ್ಯಾಲಯಗಳಿಗೆ ಸೇರಲು ಬರೆಯುವ ಪ್ರವೇಶ ಪರೀಕ್ಷೆ ಅದು, ಇಂಗ್ಲಿಷಿನಲ್ಲಿ ಮಾತ್ರ.

120 ನಿಮಿಷ, 120 ಪ್ರಶ್ನೆ. ನಾನು ಎಂಬತ್ತರ ಹತ್ತಿರ ಬರುವಾಗಲೇ ಮಾಕ್ ಟೆಸ್ಟ್ (ಅಭ್ಯಾಸ ಪರೀಕ್ಷೆ) ಮುಗಿದುಬಿಡುತ್ತದೆ. ಅರ್ಥ ಆಗುವುದಿಲ್ಲ ಅಂತಲ್ಲ. ನಿಧಾನಕ್ಕೆ ಓದಿದರೆ ಎಲ್ಲಾ ಆಗುತ್ತದೆ. ಆದರೆ ಒಂದೊಂದು ಸಾಲನ್ನೂ ಮನಸ್ಸಲ್ಲೇ ಕನ್ನಡ ಮಾಡಿಕೊಂಡು ಮುಂದೆ ಹೋಗುತ್ತೇನೆ. ಮೂರನೇ ಪ್ಯಾರಾಕ್ಕೆ ಬರುವಾಗ ಮೊದಲನೇ ಪ್ಯಾರಾ ಮರೆತಿರುತ್ತದೆ.

ಆನ್‌ಲೈನ್ ಕೋಚಿಂಗ್ ಸೇರಿದ್ದೇನೆ, ಹೆಸರು ಬೇಡ. ಪಾಠ ಅರ್ಧ ಹಿಂದಿ, ಅರ್ಧ ಇಂಗ್ಲಿಷ್. ಏನೇ ಡೌಟ್ ಕೇಳಿದರೂ "ದಿನಾ ಎಡಿಟೋರಿಯಲ್ ಓದಿ" ಅನ್ನುವುದೊಂದೇ ಉತ್ತರ. ಮನೆಯಲ್ಲಿ ಎರಡು ಪವರ್‌ಲೂಮ್ ಇವೆ. ಕರೆಂಟ್ ಇದ್ದರೆ ಮಗ್ಗದ ಸದ್ದಿನಲ್ಲಿ ಕ್ಲಾಸ್ ಕೇಳಿಸುವುದಿಲ್ಲ, ಕರೆಂಟ್ ಹೋದರೆ ವೈಫೈಯೂ ಹೋಗುತ್ತದೆ.

ಇನ್ನೊಂದು ಗೊಂದಲ ಲೀಗಲ್ ರೀಸನಿಂಗ್, ಅಂದರೆ ಪ್ಯಾಸೇಜಿನಲ್ಲಿ ಕೊಟ್ಟ ಕಾನೂನಿನ ಮೇಲೆ ಪ್ರಶ್ನೆ ಕೇಳುವ ಭಾಗ. ಯಾವುದು ನ್ಯಾಯ ಅನಿಸುತ್ತದೋ ಅದನ್ನೇ ಟಿಕ್ ಮಾಡುತ್ತೇನೆ. ಉತ್ತರ ಬೇರೆಯೇ ಇರುತ್ತದೆ. ಯಾಕೆ?

ಅಪ್ಪ ಕೇಳುತ್ತಾರೆ, "ಬಾಗಲಕೋಟೆಯಲ್ಲಿ, ಬೆಳಗಾವಿಯಲ್ಲಿ ಲಾ ಕಾಲೇಜು ಇವೆ. ಈ ಪರೀಕ್ಷೆ ಇಲ್ಲದೇ ಸೀಟು ಸಿಗುತ್ತದೆ. ಇಷ್ಟೆಲ್ಲಾ ಯಾಕೆ?" ನನ್ನ ಹತ್ತಿರ ಸರಿಯಾದ ಉತ್ತರ ಇಲ್ಲ.

ಟಾಪರ್_ಟಿಪ್ಸ್

ದಿನಕ್ಕೆ ಎರಡು ಮಾಕ್ ಹಾಕಿ. ಸ್ಪೀಡ್ ತಾನಾಗಿ ಬರುತ್ತದೆ. ದಿನಾ ಐವತ್ತು ಹೊಸ ಪದ ಬಾಯಿಪಾಠ ಮಾಡಿ. ಆಲ್ ದ ಬೆಸ್ಟ್.

ಬನಹಟ್ಟಿ_ಮಗ್ಗ

ಎರಡು ಮಾಕ್ ಅಂದರೆ ನಾಲ್ಕು ಗಂಟೆ. ಕಾಲೇಜು, ಬಸ್ಸು, ಮನೆ ಕೆಲಸ ಯಾರು ನೋಡುವವರು? 🙂

ಸವಳಗಿ_ಕರಿಕೋಟು

ಸವಳಗಿಯವನು ನಾನು. ನಾನೂ ಕನ್ನಡ ಸಾಲಿಯಲ್ಲೇ ಓದಿದವನು. ಈಗ ಒಂದು ರಾಷ್ಟ್ರೀಯ ಕಾನೂನು ವಿಶ್ವವಿದ್ಯಾಲಯದಲ್ಲಿ ಮೂರನೇ ವರ್ಷ. (ಬಿ.ಡಿ. ಜತ್ತಿ ನಮ್ಮೂರಿನವರೇ. ಜಮಖಂಡಿಯಲ್ಲಿ ವಕೀಲಿಕೆ ಮಾಡಿ, 1977ರಲ್ಲಿ ಹಂಗಾಮಿ ರಾಷ್ಟ್ರಪತಿ ಆದವರು. ಕ್ಲಾಟ್ ಶುರುವಾಗಿದ್ದು 2008ರಲ್ಲಿ. ಅವರು ಬಚಾವ್.)

ಮೊದಲು ಮೇಲಿನ ಸಲಹೆ ಬಗ್ಗೆ. ಐವತ್ತು ಪದದ ಪಟ್ಟಿ ಬೇಡ. 2020ಕ್ಕಿಂತ ಮುಂಚೆ ಕ್ಲಾಟ್‌ನಲ್ಲಿ ಬಿಡಿ ಬಿಡಿ ಪ್ರಶ್ನೆ ಬರುತ್ತಿದ್ದವು. ಆಗ ಪದದ ಪಟ್ಟಿ, ಜಿಕೆ ಪುಸ್ತಕ ನಡೆಯುತ್ತಿತ್ತು. ಈಗ ಪೂರ್ತಿ ಪ್ಯಾಸೇಜ್ ಮೇಲೆ ನಿಂತ ಪರೀಕ್ಷೆ. ಒಂದೊಂದು ಪ್ಯಾಸೇಜ್ 450 ಪದದವರೆಗೆ ಇರುತ್ತದೆ. ಒಂದಕ್ಕೆ ಸುಮಾರು ಐದು ಪ್ರಶ್ನೆ ಅಂತ ಹಿಡಿದರೆ ಇಪ್ಪತ್ತನಾಲ್ಕರ ಆಸುಪಾಸು ಪ್ಯಾಸೇಜ್ ಆಯಿತು. ಎರಡು ಗಂಟೆಯಲ್ಲಿ ಹತ್ತು ಸಾವಿರ ಪದದ ಹತ್ತಿರ ಓದಬೇಕು, ಉತ್ತರವನ್ನೂ ಕೊಡಬೇಕು. ಕಾನೂನು ಗೊತ್ತಾ ಅಂತ ಅವರು ಕೇಳುತ್ತಿಲ್ಲ. ಓದಲು ಬರುತ್ತಾ ಅಂತ ಕೇಳುತ್ತಿದ್ದಾರೆ. ಸೀನಿಯರ್ ಯಾರಾದರೂ 2020ಕ್ಕಿಂತ ಹಿಂದಿನ ಗೈಡ್ ಕೊಟ್ಟರೆ ನಮಸ್ಕಾರ ಹೇಳಿ ವಾಪಸ್ ಕೊಡಿ. ಅದರಲ್ಲಿ ಹಳೆಯ ಐಪಿಸಿ (ಭಾರತೀಯ ದಂಡ ಸಂಹಿತೆ) ಸೆಕ್ಷನ್ನುಗಳೂ ಇರುತ್ತವೆ. 2024ರ ಜುಲೈ 1ರಿಂದ ಅದರ ಜಾಗಕ್ಕೆ ಭಾರತೀಯ ನ್ಯಾಯ ಸಂಹಿತೆ ಬಂದಿದೆ.

ಮನಸ್ಸಲ್ಲೇ ಕನ್ನಡ ಮಾಡಿಕೊಳ್ಳುವ ಅಭ್ಯಾಸದ ವಿಷಯ. ಅದನ್ನು ನಿಲ್ಲಿಸುತ್ತೇನೆ ಅಂತ ಹಟ ಹಿಡಿದರೆ ನಿಲ್ಲುವುದಿಲ್ಲ. ಗೊತ್ತಿಲ್ಲದ ವಿಷಯವನ್ನು ಗೊತ್ತಿಲ್ಲದ ಭಾಷೆಯಲ್ಲಿ ಓದುವಾಗ ತಲೆ ಕನ್ನಡಕ್ಕೆ ಓಡಿಯೇ ಓಡುತ್ತದೆ. ಅದಕ್ಕೇ "ದಿನಾ ಎಡಿಟೋರಿಯಲ್" ಅನ್ನುವ ಸಲಹೆ ನಮ್ಮಂಥವರಿಗೆ ಕೆಲಸ ಮಾಡುವುದಿಲ್ಲ. ಅಮೆರಿಕದ ಬಡ್ಡಿ ದರದ ಬಗ್ಗೆ ಎಡಿಟೋರಿಯಲ್ ಇದ್ದರೆ ನಮಗೆ ಬಡ್ಡಿ ದರವೂ ಹೊಸದು, ಇಂಗ್ಲಿಷೂ ಹೊಸದು.

ನಿಮಗೆ ಮೊದಲೇ ಗೊತ್ತಿರುವ ವಿಷಯದಿಂದ ಶುರು ಮಾಡಿ. ಕೃಷ್ಣೆ ನಿಮ್ಮ ಊರಿನ ಪಕ್ಕದಲ್ಲೇ ಹರಿಯುತ್ತದೆ. ಆಲಮಟ್ಟಿ ಗೇಟಿನ ಎತ್ತರ 519.60 ಮೀಟರಿನಿಂದ 524.256ಕ್ಕೆ ಏರಿಸುವ ಮಾತು ನಿಮ್ಮ ಮನೆಯಲ್ಲೂ ಬಂದಿರುತ್ತದೆ. ಬಾಗಲಕೋಟೆ ಮುಳುಗಿ ನವನಗರ ಎದ್ದ ಕಥೆ ಕೇಳದ ಮಗು ನಮ್ಮ ಜಿಲ್ಲೆಯಲ್ಲಿ ಇಲ್ಲ. ಈಗ ಕೃಷ್ಣಾ ನೀರು ಹಂಚಿಕೆಯ ಬ್ರಿಜೇಶ್ ಕುಮಾರ್ ನ್ಯಾಯಮಂಡಳಿಯ 2010ರ ತೀರ್ಪಿನ ಬಗ್ಗೆ ಒಂದು ಇಂಗ್ಲಿಷ್ ಲೇಖನ ತೆಗೆದುಕೊಳ್ಳಿ. ಸಾಲು ಮುಗಿಯುವ ಮುಂಚೆಯೇ ಅದು ಏನು ಹೇಳಲು ಹೊರಟಿದೆ ಅಂತ ಗೊತ್ತಾಗುತ್ತದೆ. ಕನ್ನಡ ಮಾಡಿಕೊಳ್ಳುವ ಅಗತ್ಯವೇ ಬೀಳುವುದಿಲ್ಲ. ಆ ಅನುಭವ ನಾಲ್ಕಾರು ಸಲ ಆದ ಮೇಲೆ ಕಣ್ಣು ತಾನೇ ಮುಂದೆ ಹೋಗಲು ಕಲಿಯುತ್ತದೆ.

ಆಮೇಲೆ ಗಡಿ ವಿವಾದ. ಮಹಾಜನ್ ಆಯೋಗದ 1967ರ ವರದಿ, ಮಹಾರಾಷ್ಟ್ರ 2004ರಲ್ಲಿ ಸುಪ್ರೀಂ ಕೋರ್ಟಿಗೆ ಹೋಗಿದ್ದು. ಆಮೇಲೆ ಮಹದಾಯಿ. ಇವು ಸುಮ್ನೆ ಓದಿನ ಅಭ್ಯಾಸಕ್ಕೆ ಮಾತ್ರ ಅಲ್ಲ. ರಾಜ್ಯ ರಾಜ್ಯಗಳ ಜಗಳ ನೇರವಾಗಿ ಸುಪ್ರೀಂ ಕೋರ್ಟಿಗೆ ಹೋಗುವುದು ಸಂವಿಧಾನದ 131ನೇ ವಿಧಿಯಿಂದ. ನದಿ ನೀರಿನ ಜಗಳಕ್ಕೆ ಮಾತ್ರ 262ನೇ ವಿಧಿ, ಅದಕ್ಕೆ 1956ರ ಕಾಯ್ದೆ, ಅದರಿಂದ ನ್ಯಾಯಮಂಡಳಿ. ಗಡಿಗೆ ಒಂದು ದಾರಿ, ನೀರಿಗೆ ಇನ್ನೊಂದು ದಾರಿ ಯಾಕೆ ಅಂತ ಯೋಚಿಸಿದರೆ ಕರೆಂಟ್ ಅಫೇರ್ಸ್ ಮತ್ತು ಲೀಗಲ್ ಎರಡೂ ಒಟ್ಟಿಗೆ ಓದಿದ ಹಾಗಾಯಿತು.

ದಿನದ ಪೇಪರಿಗೂ ಇದೇ ದಾರಿ. ಲೈಬ್ರರಿಯಲ್ಲಿ ಕನ್ನಡ ಪೇಪರ್ ಮೊದಲು ಓದಿ. ಅದೇ ಸುದ್ದಿಯನ್ನು ಇಂಗ್ಲಿಷ್ ಪೇಪರಿನಲ್ಲಿ ಹುಡುಕಿ ಓದಿ. ಸ್ವಲ್ಪ ದಿನ ಆದ ಮೇಲೆ ಕ್ರಮ ತಿರುಗಿಸಿ, ಇಂಗ್ಲಿಷ್ ಮೊದಲು. ಬಡ್ಡಿ ದರ ಎಲ್ಲಾ ಆಮೇಲೆ ನೋಡೋಣ.

ಈಗ ಲೀಗಲ್ ರೀಸನಿಂಗ್. ನಿಮ್ಮ ನ್ಯಾಯಬುದ್ಧಿ ಚೆನ್ನಾಗಿದೆ, ತೊಂದರೆ ಅದೇ. ಒಂದು ಉದಾಹರಣೆ ಕಟ್ಟುತ್ತೇನೆ. ಮುಧೋಳ ಕಡೆ ಒಂದು ಸಕ್ಕರೆ ಕಾರ್ಖಾನೆ, ಜೊತೆಗೆ ಡಿಸ್ಟಿಲರಿ. ರಾತ್ರಿ ಯಾರೋ ಅಪರಿಚಿತ ಬಂದು ಟ್ಯಾಂಕಿನ ವಾಲ್ವ್ ಒಡೆದ. ಸ್ಪಿರಿಟ್ ಹರಿದು ಪಕ್ಕದ ರೈತನ ಕಬ್ಬು ಹಾಳಾಯಿತು. ಕಾರ್ಖಾನೆ ಪರಿಹಾರ ಕೊಡಬೇಕಾ?

ನಿಮ್ಮ ಮನಸ್ಸು "ಕೊಡಲೇಬೇಕು" ಅನ್ನುತ್ತದೆ. ಪ್ಯಾಸೇಜ್ ಏನು ಹೇಳುತ್ತದೆ ನೋಡಿ. ಅದು 1868ರ ರೈಲ್ಯಾಂಡ್ಸ್ ವಿರುದ್ಧ ಫ್ಲೆಚರ್ ಪ್ರಕರಣದ ನಿಯಮ ಕೊಟ್ಟಿದ್ದರೆ, ಅಪಾಯದ ವಸ್ತು ಇಟ್ಟುಕೊಂಡವನು ತನ್ನ ತಪ್ಪಿಲ್ಲದಿದ್ದರೂ ಹೊಣೆ. ಆದರೆ ಆ ನಿಯಮಕ್ಕೆ ವಿನಾಯಿತಿಗಳಿವೆ. ಮೂರನೆಯವನ ಕೃತ್ಯ ಅದರಲ್ಲಿ ಒಂದು. ಪ್ಯಾಸೇಜಿನಲ್ಲಿ ಆ ವಿನಾಯಿತಿ ಬರೆದಿದ್ದರೆ ಕಾರ್ಖಾನೆ ಪಾರು. ಅದೇ ಪ್ಯಾಸೇಜ್ ದೆಹಲಿಯ ಓಲಿಯಂ ಅನಿಲ ಸೋರಿಕೆಯ ಎಂ.ಸಿ. ಮೆಹ್ತಾ ಪ್ರಕರಣದ್ದಾಗಿದ್ದರೆ? ಅಪಾಯಕಾರಿ ಉದ್ಯಮಕ್ಕೆ ಇಂಥ ಯಾವ ವಿನಾಯಿತಿಯೂ ಇಲ್ಲ ಅಂತ ಸುಪ್ರೀಂ ಕೋರ್ಟ್ ಅಲ್ಲಿ ಹೇಳಿತು. ಆಗ ಕಾರ್ಖಾನೆ ಕೊಡಬೇಕು. ಅದೇ ಟ್ಯಾಂಕ್, ಅದೇ ಕಬ್ಬು, ಉತ್ತರ ಎರಡು. ಯಾವ ಕಾಗದ ಕೈಗೆ ಕೊಟ್ಟಿದ್ದಾರೋ ಅದರ ಪ್ರಕಾರ ಹೇಳಬೇಕು.

ಹಾಗಾಗಿ ಪ್ರಶ್ನೆಗೆ ಹೋಗುವ ಮುಂಚೆ ಪ್ಯಾಸೇಜಿನಲ್ಲಿ ನಿಯಮ ಎಲ್ಲಿದೆ, "ಆದರೆ" ಎಲ್ಲಿದೆ ಅಂತ ಪೆನ್ಸಿಲಿನಲ್ಲಿ ಗೆರೆ ಹಾಕಿ. ತಪ್ಪು ಉತ್ತರಗಳಲ್ಲಿ ಬಹಳಷ್ಟು ಆ "ಆದರೆ" ಬಿಟ್ಟುಹೋಗಿದ್ದರಿಂದ ಬರುತ್ತವೆ. ಅದನ್ನು ಪೇಪರ್ ಮಾಡುವವರೂ ಬಲ್ಲರು.

ಎಂಬತ್ತು ಪ್ರಶ್ನೆ ಅಂತ ಬೇಜಾರು ಬೇಡ. ಸರಿಯಾದರೆ 1 ಅಂಕ, ತಪ್ಪಾದರೆ 0.25 ಕಟ್. ಒಬ್ಬ 118 ಪ್ರಶ್ನೆ ಮುಟ್ಟಿದ, 72 ಸರಿ, 46 ತಪ್ಪು. ಅವನಿಗೆ 60.5. ಇನ್ನೊಬ್ಬಳು 90 ಮಾತ್ರ ಮುಟ್ಟಿದಳು, 70 ಸರಿ, 20 ತಪ್ಪು. ಅವಳಿಗೆ 65. ಎಂಬತ್ತರಿಂದ ತೊಂಬತ್ತೈದಕ್ಕೆ ಬನ್ನಿ ಸಾಕು, ನಿಖರತೆ ಬಿಡಬೇಡಿ. ಗಣಿತ 10ರಿಂದ 14 ಪ್ರಶ್ನೆ, ಎಲ್ಲಾ ಹತ್ತನೇ ಕ್ಲಾಸಿನ ಶೇಕಡಾ, ಅನುಪಾತ, ಸರಾಸರಿ. ಆರ್ಟ್ಸ್‌ನವರು ಅದನ್ನು ಕೊನೆಗೆ ಬಿಟ್ಟು ಕಳೆದುಕೊಳ್ಳುತ್ತಾರೆ. ನೀವು ಮಧ್ಯದಲ್ಲಿ ಮಾಡಿ.

ಮಾಕ್ ವಾರಕ್ಕೆ ಒಂದು ಸಾಕು. ಆದರೆ ಮೊಬೈಲಿನಲ್ಲಿ ಬೇಡ. ಪರೀಕ್ಷೆ ಪೆನ್ನು-ಕಾಗದದ್ದು, ಉತ್ತರದ ವೃತ್ತ ತುಂಬುವ ಓಎಂಆರ್ ಶೀಟಿನದ್ದು. ಝೆರಾಕ್ಸ್ ಅಂಗಡಿಯಲ್ಲಿ ಪ್ರಿಂಟ್ ತೆಗೆಸಿ ಭಾನುವಾರ ಮಧ್ಯಾಹ್ನ 2ರಿಂದ 4ರವರೆಗೆ ಕೂತು ಬರೆಯಿರಿ. ಪರೀಕ್ಷೆಯ ಹೊತ್ತೂ ಅದೇ. ಊಟ ಮಾಡಿ ಕಣ್ಣು ಎಳೆಯುವ ಹೊತ್ತು, ಅದಕ್ಕೂ ಅಭ್ಯಾಸ ಬೇಕು. ಮಗ್ಗದ ಸದ್ದಿಗೆ ನನ್ನ ಹತ್ತಿರ ಔಷಧಿ ಇಲ್ಲ. ಜಮಖಂಡಿಯಲ್ಲೇ ಕಾಲೇಜು ಮುಗಿದ ಮೇಲೆ ಲೈಬ್ರರಿಯಲ್ಲಿ ಒಂದು ಗಂಟೆ ಕೂತು, ಆಮೇಲೆ ಬಸ್ಸು ಹತ್ತಲು ಆಗುತ್ತಾ ನೋಡಿ.

ಬೆಳಗಾವಿ_ವಕೀಲ

ಮೇಲಿನವರು ಚೆನ್ನಾಗಿ ಹೇಳಿದ್ದಾರೆ. ಆದರೆ ಅಪ್ಪನ ಪ್ರಶ್ನೆಗೆ ಯಾರೂ ಉತ್ತರ ಕೊಟ್ಟಿಲ್ಲವಲ್ಲ.

ನಿಮ್ಮ ಅಪ್ಪ ಸರಿಯಾಗೇ ಹೇಳಿದ್ದಾರೆ ರೀ. ಬೆಳಗಾವಿಯ ರಾಜಾ ಲಖಮಗೌಡ ಕಾನೂನು ಕಾಲೇಜು 1939ರದ್ದು. ಈ ಭಾಗದ ಎಷ್ಟೋ ವಕೀಲರು, ನ್ಯಾಯಾಧೀಶರು ಅಲ್ಲಿಂದಲೇ ಬಂದವರು. ಈಗ ಇಂಥ ಕಾಲೇಜುಗಳೆಲ್ಲ ಹುಬ್ಬಳ್ಳಿಯ ರಾಜ್ಯ ಕಾನೂನು ವಿಶ್ವವಿದ್ಯಾಲಯದ ಕೆಳಗೆ ಬರುತ್ತವೆ. ಖರ್ಚು ಕಡಿಮೆ. ರಾಷ್ಟ್ರೀಯ ವಿಶ್ವವಿದ್ಯಾಲಯಗಳ ಫೀಸು ವರ್ಷಕ್ಕೆ ಲಕ್ಷಗಳ ಲೆಕ್ಕದಲ್ಲಿದೆ, ಐದು ವರ್ಷ ಕಟ್ಟಬೇಕು. ಸಾಲ ಸಿಗುತ್ತದೆ, ಆದರೆ ಸಾಲ ಸಾಲವೇ.

ತಾಲ್ಲೂಕು ಕೋರ್ಟಿನಲ್ಲಿ ಕನ್ನಡ ಬಲ್ಲವರಿಗೇ ಬೆಲೆ. ದೊಡ್ಡ ಕಾಲೇಜಿನಿಂದ ಬಂದ ಜೂನಿಯರ್‌ಗಳು ಕನ್ನಡದಲ್ಲಿ ಒಂದು ದಾವೆ ಬರೆಯಲು ಬೆವರುವುದನ್ನು ನೋಡಿದ್ದೇನೆ. ಆದರೆ ಹೈಕೋರ್ಟಿನ ಧಾರವಾಡ ಪೀಠಕ್ಕೆ ಹೋದರೆ ಇಂಗ್ಲಿಷ್ ಬೇಕೇ ಬೇಕು. ಹೈಕೋರ್ಟ್, ಸುಪ್ರೀಂ ಕೋರ್ಟ್ ಭಾಷೆಯನ್ನು 348ನೇ ವಿಧಿಯೇ ಹೇಳುತ್ತದೆ. ಆದ್ದರಿಂದ ಈಗ ಓದುತ್ತಿರುವ ಇಂಗ್ಲಿಷ್ ಯಾವ ಕಾಲೇಜಿಗೆ ಹೋದರೂ ದಂಡ ಆಗುವುದಿಲ್ಲ. ಬರೆಯಿರಿ. ಸೀಟು ಬಂದರೆ ಫೀಸಿನ ಲೆಕ್ಕ ಹಾಕಿ. ಬರದಿದ್ದರೆ ಬೆಳಗಾವಿಗೆ ಬನ್ನಿ. ಡಿಗ್ರಿ ಮುಗಿಸಿ ಮೂರು ವರ್ಷದ ಎಲ್‌ಎಲ್‌ಬಿ ಮಾಡುವ ದಾರಿಯೂ ಇದೆ.

ಕ್ಲಾಟ್ ಇಂಗ್ಲಿಷಿನಲ್ಲಿ ಮಾತ್ರ ಯಾಕೆ ಅನ್ನುವುದು ಬೇರೆ ಜಗಳ. ಪ್ರಾದೇಶಿಕ ಭಾಷೆಗಳಲ್ಲೂ ನಡೆಸಿ ಅಂತ 2023ರಲ್ಲಿ ದೆಹಲಿ ಹೈಕೋರ್ಟಿಗೆ ಅರ್ಜಿಯೇ ಹೋಗಿತ್ತು. ನನ್ನ ಪ್ರಕಾರ ಆ ಬೇಡಿಕೆ ನ್ಯಾಯವಾದದ್ದು. ಆದರೆ ನಿಮ್ಮ ಡಿಸೆಂಬರ್‌ಗೆ ಅದರಿಂದ ಉಪಯೋಗ ಇಲ್ಲ.

ಬನಹಟ್ಟಿ_ಮಗ್ಗ

ಇಬ್ಬರಿಗೂ ತುಂಬಾ ಥ್ಯಾಂಕ್ಸ್. ಕಾರ್ಖಾನೆ ಉದಾಹರಣೆ ಅಪ್ಪನಿಗೆ ಓದಿ ಹೇಳಿದೆ. "ಯಾವ ಕಾಗದ ಆದರೂ ಕಾರ್ಖಾನೆಯವನೇ ಕೊಡಬೇಕು" ಅಂತ ಒಂದೇ ಹಟ. ನನ್ನ ರೋಗ ಎಲ್ಲಿಂದ ಬಂತು ಗೊತ್ತಾಯಿತು.

ಇನ್ನೊಂದು ಕೇಳಲಾ? ಕರ್ನಾಟಕದವರಿಗೆ ಸೀಟು ಮೀಸಲು ಇದೆ ಅಂತಾರಲ್ಲ, ಅದು ಎಲ್ಲಾ ಕಡೆನಾ? ಫೀಸು ಕಡಿಮೆ ಆಗುವ ದಾರಿ ಏನಾದರೂ?

ಸವಳಗಿ_ಕರಿಕೋಟು

ಎಲ್ಲಾ ಕಡೆ ಇಲ್ಲ. ಬೆಂಗಳೂರಿನ ನ್ಯಾಷನಲ್ ಲಾ ಸ್ಕೂಲಿನಲ್ಲಿ ಕರ್ನಾಟಕ ವಿದ್ಯಾರ್ಥಿಗಳಿಗೆ 25% ಮೀಸಲಾತಿ ಇದೆ. ಕರ್ನಾಟಕದಲ್ಲಿ ಕನಿಷ್ಠ 10 ವರ್ಷ ಓದಿರಬೇಕು. ಬೇರೆ ರಾಜ್ಯಗಳ ವಿಶ್ವವಿದ್ಯಾಲಯಗಳಲ್ಲಿ ಇಂಥ ಕೋಟಾ ಇದ್ದರೂ ಅದು ಅವರ ರಾಜ್ಯದವರಿಗೆ. ಹಾಗಾಗಿ ಆಯ್ಕೆ ಪಟ್ಟಿ ತುಂಬುವಾಗ ಬೆಂಗಳೂರನ್ನು "ನಮಗೆಲ್ಲಿ ಸಿಗುತ್ತದೆ" ಅಂತ ಬಿಟ್ಟುಬಿಡಬೇಡಿ.

ಅರ್ಜಿ ಶುಲ್ಕ ಸಾಮಾನ್ಯ ವರ್ಗಕ್ಕೆ 4,000 ರೂಪಾಯಿ ಇತ್ತು. ಎಸ್‌ಸಿ, ಎಸ್‌ಟಿ ಮತ್ತು ಬಿಪಿಎಲ್‌ನವರಿಗೆ 3,500. ಬಿಪಿಎಲ್ ಕಾರ್ಡ್ ಇದ್ದರೆ ಹೊರಗೆ ತೆಗೆದಿಡಿ. ಐಡಿಯಾ ಅಂತ ಒಂದು ಸಂಸ್ಥೆ ಇದೆ, ಪ್ರೊಫೆಸರ್ ಶಮ್ನಾದ್ ಬಷೀರ್ 2010ರಲ್ಲಿ ಶುರು ಮಾಡಿದ್ದು. ಅನುಕೂಲ ಇಲ್ಲದ ಮನೆಯ ಮಕ್ಕಳನ್ನು ಆರಿಸಿ ಕ್ಲಾಟ್‌ಗೆ ತಯಾರು ಮಾಡುತ್ತದೆ. ಅವರಿಗೆ ಇವತ್ತೇ ಒಂದು ಮೇಲ್ ಹಾಕಿ, ಇಂಗ್ಲಿಷ್ ಸರಿ ಇದೆಯಾ ಅಂತ ಮೂರು ದಿನ ಯೋಚಿಸಬೇಡಿ.

ಮತ್ತೆ ಆ 10 ವರ್ಷಕ್ಕೆ ಸ್ಟಡಿ ಸರ್ಟಿಫಿಕೇಟ್ ಬೇಕಾಗುತ್ತದೆ. ಪ್ರೈಮರಿ ಒಂದು ಕಡೆ, ಹೈಸ್ಕೂಲ್ ಇನ್ನೊಂದು ಕಡೆ ಆಗಿದ್ದರೆ ಎರಡೂ ಕಡೆಯಿಂದ ತೆಗೆದುಕೊಳ್ಳಿ. ದಸರಾ ರಜೆ ಬಿದ್ದರೆ ಹೆಡ್‌ಮಾಸ್ತರು ಕೈಗೆ ಸಿಗುವುದಿಲ್ಲ, ಈ ವಾರವೇ ಹೋಗಿ ಬನ್ನಿ.