ಪ್ಯಾರಿಷ್‌ಗೆ ಧರ್ಮಕೇಂದ್ರ ಅಂದರೆ ಸಾಕೇ?

ಎಲ್ಲರಿಗೂ ನಮಸ್ಕಾರ. ಇಂಗ್ಲೆಂಡಿನ ನಾಟಿಂಗ್‌ಹ್ಯಾಮ್‌ಶೈರ್‌ನಲ್ಲಿ ಲಾಕ್ಸ್‌ಟನ್ ಅಂತ ಒಂದು ಸಣ್ಣ ಹಳ್ಳಿ, ಅದೇ ಒಂದು ಪ್ಯಾರಿಷ್ (ಒಂದು ಚರ್ಚಿನ ವ್ಯಾಪ್ತಿಗೆ ಸೇರಿದ ಪ್ರದೇಶ) ಕೂಡ. ಅದರ ಇತಿಹಾಸ ಕನ್ನಡದಲ್ಲಿ ಬರೆಯಲು ಕೂತರೆ ಮೊದಲ ಸಾಲಿನಲ್ಲೇ ತೊಡಕು, ಸರಿಯಾದ ಪದ ಸಿಗುತ್ತಿಲ್ಲ.

ನಮ್ಮ ಕಡೆಯ ಕ್ಯಾಥೊಲಿಕರು ಪ್ಯಾರಿಷ್‌ಗೆ ಧರ್ಮಕೇಂದ್ರ ಅಂತಾರೆ. ಚರ್ಚಿನ ಮಟ್ಟಿಗೆ ಒಳ್ಳೆಯ ಪದ. ಆದರೆ ಇಂಗ್ಲೆಂಡಿನ ಹಳೆಯ ಪ್ಯಾರಿಷ್ ಬರೀ ಪೂಜೆ, ಪ್ರಾರ್ಥನೆಯ ವಿಷಯ ಅಲ್ಲ. 1538ರಿಂದ ದೀಕ್ಷಾಸ್ನಾನ, ಮದುವೆ, ಸಾವಿನ ಲೆಕ್ಕ ಬರೆದಿಟ್ಟಿದ್ದು ಅದೇ, 1555ರಿಂದ ರಸ್ತೆ ರಿಪೇರಿ ಅದರ ತಲೆಗೇ ಬಂತು, 1601ರ ಕಾನೂನಿನ ಮೇಲೆ ಊರಿನ ಬಡವರನ್ನು ಸಾಕಲು ಕಂದಾಯ ಎತ್ತಿದ್ದೂ ಅದೇ. ಹಳ್ಳಿಗಳಲ್ಲಿ ಚುನಾಯಿತ ಪ್ಯಾರಿಷ್ ಕೌನ್ಸಿಲ್ ಬಂದಿದ್ದು 1894ರ ಕಾನೂನಿನಿಂದ. ಇಷ್ಟನ್ನೂ ಧರ್ಮಕೇಂದ್ರ ಹೊರಲಾರದು. ಗ್ರಾಮ ಅಂದುಬಿಟ್ಟರೆ ಚರ್ಚೇ ಮಾಯ. ಸದ್ಯಕ್ಕೆ ನಾನು ಪ್ಯಾರಿಷ್ ಅಂತಲೇ ಇಟ್ಟುಕೊಂಡಿದ್ದೇನೆ, ಕೌನ್ಸಿಲ್ ಬಂದ ಕಡೆ ಮಾತ್ರ ಪಂಚಾಯಿತಿ. ಸರಿ ಅಲ್ವಾ?

ಇನ್ನೊಂದು ಗೋಜಲು ಜಮೀನಿನದು. ಬೇರೆ ಕಡೆ 18-19ನೇ ಶತಮಾನದ ಹೊತ್ತಿಗೆ ಬಹುತೇಕ ಜಮೀನಿಗೆ ಬೇಲಿ ಬಿತ್ತು, ಲಾಕ್ಸ್‌ಟನ್ನಿನಲ್ಲಿ ಮಾತ್ರ ಮೂರು ದೊಡ್ಡ ಬಯಲು ಹೊಲಗಳು ಇವತ್ತಿಗೂ ಉಳಿದಿವೆ. ಒಬ್ಬೊಬ್ಬ ರೈತನ ಪಾಲು ಉದ್ದುದ್ದ ತುಂಡುಗಳಾಗಿ ಮೂರರಲ್ಲೂ ಹರಡಿಕೊಂಡಿರುತ್ತದೆ. 1635ರಲ್ಲಿ ಮಾರ್ಕ್ ಪಿಯರ್ಸ್ ಮಾಡಿದ ನಕಾಶೆಯಲ್ಲಿ ಈ ತುಂಡುಗಳೆಲ್ಲ ಕಾಣುತ್ತವೆ. ಇಂಥ ಒಂದು ತುಂಡಿಗೆ ಹಿಸ್ಸೆ ಅಂತ ಬರೆದಿದ್ದೆ, ಆದರೆ ಓದುವವರು ಅಣ್ಣತಮ್ಮಂದಿರ ಪಾಲುಪಟ್ಟಿ ಅಂದುಕೊಳ್ಳುತ್ತಾರೆ. ತಾಕು ಹೆಚ್ಚು ಹೊಂದುತ್ತದೆ ಅನ್ನಿಸುತ್ತಿದೆ. ಒಂದು ಹೊಲದಲ್ಲಿ ಚಳಿಗಾಲದ ಗೋಧಿ, ಇನ್ನೊಂದರಲ್ಲಿ ವಸಂತದಲ್ಲಿ ಬಿತ್ತುವ ಬೆಳೆ, ಮೂರನೆಯದು ಆ ವರ್ಷ ಬೀಳು. ಪಾಳು ಬೇಡ, ಅದು ಯಾರ ದಿಕ್ಕೂ ಇಲ್ಲದ ಜಮೀನಿನ ಮಾತು.

ವರ್ಷಕ್ಕೊಮ್ಮೆ ರೈತರದೇ ಒಂದು ಜೂರಿ ಹೊಲ ಸುತ್ತಿ, ಯಾರಾದರೂ ದಾರಿಯನ್ನೋ ಹುಲ್ಲಿನ ಜಾಗವನ್ನೋ ಒತ್ತಿ ಉತ್ತಿದ್ದಾರಾ ಅಂತ ನೋಡಿ, ಗೂಟ ಹೊಡೆದು ಗಡಿ ಗುರುತಿಸುತ್ತದೆ. ತಪ್ಪಿದವರಿಗೆ ಹಳೆಯ ಕಾಲದ ಸ್ಥಳೀಯ ನ್ಯಾಯಸಭೆಯಾದ ಕೋರ್ಟ್ ಲೀಟ್‌ನಲ್ಲಿ ದಂಡ. ಆ ಕೋರ್ಟ್ ಪ್ಯಾರಿಷ್‌ನದಲ್ಲ, ಜಮೀನ್ದಾರಿಗೆ ಸೇರಿದ್ದು. ಹಾಗಾಗಿ ಊರ ಪಂಚಾಯಿತಿ ಅಂದರೆ ಎರಡೂ ಕಲಸಿಹೋಗುತ್ತವೆ. ಜಮೀನ್ದಾರರ ಕಟ್ಟೆ ಅಂತ ಬರೆದರೆ ಅತಿಯಾಯಿತೇ?

ಕೊನೆಯದಾಗಿ, ತೇವ ಜಾಸ್ತಿಯಾಗಿ ಉಳಲಾಗದೆ ಹುಲ್ಲಿಗೆ ಬಿಟ್ಟ ಜಾಗಕ್ಕೆ ಅವರು ಸೈಕ್ ಅಂತಾರೆ. ಗೋಮಾಳ ಅಂದರೆ ಸರ್ಕಾರದ್ದು ಅನ್ನಿಸುತ್ತೆ, ಜವುಗು ಅಂದರೆ ಹುಲ್ಲು ಕಣ್ಣಿಗೆ ಬರಲ್ಲ. ಹೊಲದ ನಡುವಿನ ಇಂಥ ಜಾಗಕ್ಕೆ ನಿಮ್ಮೂರಲ್ಲಿ ಏನಂತೀರಿ? ಯಾವ ಸೀಮೆಯ ಮಾತು ಅಂತ ಸೇರಿಸಿ ಬರೆಯಿರಿ.